ಒಂದು ರೌಟರ್... ನಲವತ್ತು ಹೀರೋಗಳು!

ಪಿಜಿ ರೂಮುಗಳಲ್ಲಿ ಪ್ರತಿರಾತ್ರಿ ನಡೆಯುವ ಇಂಟರ್‌ನೆಟ್ ಮಹಾಯುದ್ಧದ ಒಳಗುಟ್ಟು

ಟ್ರೇಲರ್ ಸಂಜೆ 6 ಗಂಟೆ 3 ನಿಮಿಷಕ್ಕೆ ಎಂದು ಪೋಸ್ಟರಿನಲ್ಲಿ ಹಾಕಿರುತ್ತಾರೆ. ಗಳಿಗೆ, ನಕ್ಷತ್ರ ಎಲ್ಲಾ ನೋಡಿಯೇ ಹಾಕಿರುತ್ತಾರೆ ಎನ್ನಿ. 6 ಗಂಟೆ 6 ನಿಮಿಷಕ್ಕೆ ಊರಿನಿಂದ ತಮ್ಮನ ಫೋನು: “ಅಣ್ಣಾ, ಆ ಕೊನೇ ಶಾಟ್ ನೋಡಿದ್ಯಾ? ಬೆಂಕಿ!” ಇತ್ತ ಬೆಂಗಳೂರು ಮಹಾನಗರದಲ್ಲಿ, ಪಿಜಿಯ ಮೂರನೇ ಮಹಡಿಯಲ್ಲಿ, ಕಾಟಿನ ಮೇಲೆ ಕುಕ್ಕರುಗಾಲಲ್ಲಿ ಕೂತ ಅಣ್ಣನ ಮೊಬೈಲಿನಲ್ಲಿ ಇನ್ನೂ ಚಕ್ರ ಸುತ್ತುತ್ತಲೇ ಇದೆ! ಹೀರೋನ ಬೂಟು ಕಂಡಿದೆ. ಮುಖ ಇನ್ನೂ ಬಂದಿಲ್ಲ.

ಇದು ಯಾರೋ ಒಬ್ಬ ಅಭಿಮಾನಿಯ ಗೋಳಲ್ಲ ಓದುಗರೇ. ಬಿಟಿಎಂ ಲೇಔಟ್, ಮಾರತಹಳ್ಳಿ, ವಿಜಯನಗರ, ಎಲೆಕ್ಟ್ರಾನಿಕ್ ಸಿಟಿ... ಯಾವ ಕಡೆಗೇ ಹೋಗಿ, ಬೀದಿ ಬೀದಿಗೂ ಬೋರ್ಡು ನೇತಾಡುತ್ತದೆ: “3 ಹೊತ್ತು ಊಟ, ಬಿಸಿನೀರು, ಹೈಸ್ಪೀಡ್ ವೈಫೈ”. ಊಟದ ಬಗ್ಗೆ ನಾವು ಇಲ್ಲಿ ಮಾತಾಡುವುದಿಲ್ಲ. ಬಿಸಿನೀರು ಬೆಳಿಗ್ಗೆ ಆರಕ್ಕೆ ಎದ್ದವನ ಪುಣ್ಯ. ಆ ಮೂರನೆಯದರ ಕಥೆ ಏನು? ನೆಟ್ ಯಾಕೆ ನಿಲ್ಲುತ್ತದೆ? ಓನರ್ ಮೋಸವೋ, ಕಂಪನಿ ಮೋಸವೋ, ಅಥವಾ ಪಕ್ಕದ ಕಾಟಿನಲ್ಲಿ ಹೊದ್ದು ಮಲಗಿ ಮೊಬೈಲು ಒತ್ತುತ್ತಿರುವ ನಮ್ಮ ಗೆಳೆಯನ ಕೈವಾಡವೋ? ಇದನ್ನು ಪತ್ತೆ ಮಾಡಲೆಂದೇ ಈ ಬರಹ.

ಒಂದು ಪ್ರಿಂಟು, ಎರಡು ಟಾಕೀಸು

ನಿಮ್ಮ ತಂದೆಯವರನ್ನೋ ಚಿಕ್ಕಪ್ಪನನ್ನೋ ಕೇಳಿ ನೋಡಿ. ಸಣ್ಣ ಊರುಗಳಲ್ಲಿ ಆಗ ಒಂದೇ ಪ್ರಿಂಟನ್ನು ಎರಡು ಟಾಕೀಸುಗಳಲ್ಲಿ ಓಡಿಸುತ್ತಿದ್ದ ಕಾಲವಿತ್ತು. ಇಲ್ಲಿ ಒಂದು ರೀಲು ಮುಗಿಯುತ್ತಿದ್ದ ಹಾಗೆ ಹುಡುಗನೊಬ್ಬ ಡಬ್ಬವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಮತ್ತೊಂದು ಟಾಕೀಸಿಗೆ ತುಳಿಯುತ್ತಿದ್ದ. 1000 ಅಡಿಯ ರೀಲು ಅಂದರೆ ಸುಮಾರು 11 ನಿಮಿಷದ ಸಿನಿಮಾ. ಅಷ್ಟರೊಳಗೆ ಮುಂದಿನ ಡಬ್ಬ ಬಂದರೆ ಸರಿ. ದಾರಿಯಲ್ಲಿ ಸೈಕಲ್ ಪಂಕ್ಚರ್ ಆಯಿತೋ, ಪರದೆ ಬಿಳಿ! ಗಾಂಧಿ ಕ್ಲಾಸಿನಿಂದ ಶಿಳ್ಳೆ, ಕೂಗು, ಆಪರೇಟರ್‌ನ ಅಪ್ಪ ಅಜ್ಜಂದಿರಿಗೆಲ್ಲ ಅಷ್ಟೋತ್ತರ!

ನಿಮ್ಮ ಮೊಬೈಲಿನಲ್ಲಿ ಇವತ್ತು ನಡೆಯುತ್ತಿರುವುದೂ ಅದೇ. ನೀವು ಒತ್ತಿದ ಸಿನಿಮಾ ಒಂದೇ ಏಟಿಗೆ ಇಳಿದು ಬರುವುದಿಲ್ಲ. ಕೆಲವೇ ಸೆಕೆಂಡುಗಳ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಒಂದು ತುಂಡು ತೆರೆಯ ಮೇಲೆ ಓಡುತ್ತಿರುವಾಗ ಮುಂದಿನ ಡಬ್ಬಗಳು ದಾರಿಯಲ್ಲಿರುತ್ತವೆ. ಪ್ರತಿ ತುಂಡಿಗೂ ಹಲವು ಅವತಾರ: ದಪ್ಪದ್ದು, ಮಧ್ಯಮದ್ದು, ತೆಳ್ಳಗಿನದ್ದು. ದಾರಿ ಸಲೀಸಾಗಿದ್ದರೆ ಆ್ಯಪು ದಪ್ಪ ಡಬ್ಬ ತರಿಸುತ್ತದೆ, ಚಿತ್ರ ಕನ್ನಡಿಯಂತೆ ಹೊಳೆಯುತ್ತದೆ. ದಾರಿಯಲ್ಲಿ ಜನ ಜಾಸ್ತಿಯಾದರೆ ತೆಳ್ಳನೆಯದು ಬರುತ್ತದೆ, ನಾಯಕಿಯ ಮುಖ ನೀರಿನಲ್ಲಿ ಅದ್ದಿದ ಫೋಟೋ ಆಗುತ್ತದೆ. ಅದೂ ಬರಲಿಲ್ಲವೋ, ಚಕ್ರ!

ಟಾಕೀಸು ಎರಡೇ ಇದ್ದಾಗ ಸೈಕಲ್ ಹುಡುಗ ಹೇಗೋ ಸಂಭಾಳಿಸುತ್ತಿದ್ದ. ಪಿಜಿಯಲ್ಲಿ ಟಾಕೀಸುಗಳು ನಲವತ್ತು!

ಲೆಕ್ಕ ಸ್ವಲ್ಪ ನೋಡೋಣ, ಸ್ವಾಮಿ

ಬೋರ್ಡಿನ ಮೇಲಿನ “ಹೈಸ್ಪೀಡ್” ಅಂದರೆ ಸಾಮಾನ್ಯವಾಗಿ 100 ಎಂಬಿಪಿಎಸ್ ಕನೆಕ್ಷನ್ ಎಂದು ಇಟ್ಟುಕೊಳ್ಳಿ. ಇಲ್ಲೇ ಮೊದಲ ಟ್ವಿಸ್ಟು. ಅದು ಮೆಗಾ‘ಬಿಟ್’. ನಿಮ್ಮ ಮೊಬೈಲಿನ ಫೈಲು ಮೆಗಾ‘ಬೈಟ್’ ಲೆಕ್ಕದಲ್ಲಿರುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂದು ಕೂಗಿದ್ದು ನಿಜದಲ್ಲಿ ಸೆಕೆಂಡಿಗೆ 12.5 ಎಂಬಿ ಮಾತ್ರ. ಅದನ್ನು 40 ಜನರಿಗೆ ಹಂಚಿದರೆ ತಲೆಗೆ 2.5 ಎಂಬಿಪಿಎಸ್. ಯೂಟ್ಯೂಬ್‌ನವರೇ ಹೇಳುವ ಪ್ರಕಾರ 1080 ದರ್ಜೆಯ ಚಿತ್ರಕ್ಕೆ 5 ಎಂಬಿಪಿಎಸ್ ಬೇಕು, 720ಕ್ಕೆ 2.5, 480ಕ್ಕೆ 1.1 ಸಾಕು. ಅಂದರೆ ನಲವತ್ತೂ ಜನ ಒಟ್ಟಿಗೆ ಕೂತರೂ, ಎಲ್ಲರೂ 480ಕ್ಕೆ ಒಪ್ಪಿಕೊಂಡರೆ, ಕಾಗದದ ಮೇಲೆ ಯಾರಿಗೂ ಚಕ್ರ ಸುತ್ತಬಾರದು! ಆರು ಇಂಚಿನ ಮೊಬೈಲಿನಲ್ಲಿ 480 ಏನೂ ಕೆಟ್ಟದಾಗಿ ಕಾಣುವುದಿಲ್ಲ, ಪರೀಕ್ಷೆ ಮಾಡಿ ನೋಡಿ. ಆದರೆ ಒಪ್ಪುವವರು ಯಾರು? ಹತ್ತು ಜನ 1080 ಒತ್ತಿದರೆ ಅವರಿಗೇ 50 ಹೋಯಿತು. ಯಾವನೋ ಪುಣ್ಯಾತ್ಮ ಕಾಲು ಉದ್ದದ ಮೊಬೈಲಿನಲ್ಲಿ 4ಕೆ ನೋಡುತ್ತೇನೆ ಅಂತ ಹಟ ಹಿಡಿದರೆ ಅವನೊಬ್ಬನಿಗೇ 20 ಬೇಕು!

ಇನ್ನು “ಅನ್‌ಲಿಮಿಟೆಡ್” ಎಂಬ ಮಾತು. ಇದು “ಕಥೆ, ಚಿತ್ರಕಥೆ, ಸಂಭಾಷಣೆ ಎಲ್ಲಾ ರೆಡಿ” ಎಂದು ಹೇಳುವ ಗಾಂಧಿನಗರದ ಮಾತಿನ ಹಾಗೆ; ಪೂರ್ತಿ ನಂಬಬಾರದು. ಹಲವು ಕಂಪನಿಗಳ ಮನೆ ಪ್ಲಾನುಗಳಲ್ಲಿ ತಿಂಗಳಿಗೆ 3300 ಜಿಬಿಯ ಗೆರೆ ಇದೆ. ಅದನ್ನು ದಾಟಿದರೆ ವೇಗ ಇಳಿಸಿಬಿಡುತ್ತಾರೆ. ಒಂದು ಸಂಸಾರಕ್ಕೆ 3300 ಎಂದರೆ ಸಮುದ್ರ. ನಲವತ್ತು ಹುಡುಗರಿಗೆ? ದಿನಕ್ಕೆ ತಲೆಗೆ 2.75 ಜಿಬಿ. 1080ರಲ್ಲಿ ನೋಡಿದರೆ ಒಂದು ಗಂಟೆ ಹದಿನೈದು ನಿಮಿಷಕ್ಕೆ ಖಲಾಸ್, ಅಂದರೆ ಇಂಟರ್‌ವಲ್ಲಿಗೇ ಶುಭಂ! ಅದೇ 480ರಲ್ಲಿ ಐದೂವರೆ ಗಂಟೆ, ಎರಡು ಪೂರ್ತಿ ಸಿನಿಮಾ. ತಿಂಗಳ ಕೊನೆಯ ವಾರ ನೆಟ್ ಆಮೆಯಾಗುತ್ತದೆ, ಒಂದನೇ ತಾರೀಖು ಮತ್ತೆ ಕುದುರೆಯಾಗುತ್ತದೆ ಎಂದು ದೂರುವ ಹುಡುಗರು ಬೇಕಾದಷ್ಟು. ಕಾರಣ ಇದೇ ಇರಬಹುದು, ವಿಚಾರಿಸಿ. ಕೇಳಿದರೆ ಓನರ್ ಅಣ್ಣ ಮಾತ್ರ “ರೌಟರ್ ಆಫ್ ಮಾಡಿ ಆನ್ ಮಾಡಿದೀನಿ ಕಣಪ್ಪಾ, ಈಗ ಬರುತ್ತೆ ಬಿಡು” ಅನ್ನುತ್ತಾರೆ. ಒಂದೊಂದು ಸಲ ಬರುವುದೂ ಉಂಟು!

ಅಂದ ಹಾಗೆ ಸರ್ಕಾರದ ಲೆಕ್ಕದಲ್ಲಿ ‘ಬ್ರಾಡ್‌ಬ್ಯಾಂಡ್’ ಅನ್ನಿಸಿಕೊಳ್ಳಲು ಕನಿಷ್ಠ ವೇಗ ಎಷ್ಟಿರಬೇಕು ಗೊತ್ತೆ? 2023ರ ಜನವರಿಯಲ್ಲಿ ಅದನ್ನು ಏರಿಸಿ 2 ಎಂಬಿಪಿಎಸ್ ಮಾಡಿದರು. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಇವತ್ತಿನ ಕಾಲು ಭಾಗ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಸಿಗುತ್ತಿದ್ದದ್ದು 9.6 ಕೆಬಿಪಿಎಸ್. ಆಗ ಟ್ರೇಲರ್ ನೋಡಬೇಕು ಅಂದಿದ್ದರೆ ಒತ್ತಿಬಿಟ್ಟು ಊರಿಗೆ ಹೋಗಿ ಹಬ್ಬ ಮುಗಿಸಿಕೊಂಡು ಬರಬೇಕಾಗಿತ್ತು!

ಚಿಲ್ಲರೆ ಎಣಿಸುವ ಮನುಷ್ಯ

ಸರಿ, ಕನೆಕ್ಷನ್ ಚೆನ್ನಾಗಿಯೇ ಇದೆ, ಗೆರೆಯೂ ದಾಟಿಲ್ಲ. ಆದರೂ ನಿಮ್ಮ ರೂಮಿನಲ್ಲಿ ಬರುವುದಿಲ್ಲ. ಯಾಕೆ?

ವೈಫೈ ಅನ್ನುವುದು ಒಂದೇ ಕಿಂಡಿ ಇರುವ ಟಿಕೆಟ್ ಕೌಂಟರು. ಒಂದು ಹೊತ್ತಿಗೆ ಒಬ್ಬರೇ ಕೈ ಹಾಕಬಹುದು. ಮುಂದೆ ನಿಂತವನು ಟಕ್ಕನೆ ನೋಟು ಕೊಟ್ಟು ಟಿಕೆಟ್ ತೊಗೊಂಡು ಹೋದರೆ ಕ್ಯೂ ಓಡುತ್ತದೆ. ಆದರೆ ಒಬ್ಬ ಬಂದು ಲುಂಗಿಯ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಾ ನಿಂತರೆ? ಹಿಂದಿರುವವರೆಲ್ಲ ಕಾಯಬೇಕು. ರೌಟರಿನಿಂದ ಬಹಳ ದೂರ ಇರುವ, ಒಂದೇ ಕಡ್ಡಿ ಸಿಗ್ನಲ್ಲಿನ ಮೊಬೈಲು ಇದೆಯಲ್ಲ, ಅದೇ ಆ ಚಿಲ್ಲರೆ ಎಣಿಸುವ ಮನುಷ್ಯ. ಅಷ್ಟೇ ಮಾಹಿತಿಗೆ ಅದು ಹೆಚ್ಚು ಹೊತ್ತು ಕಿಂಡಿ ಹಿಡಿದುಕೊಂಡಿರುತ್ತದೆ. ಹೀಗಾಗಿ ಮೂರನೇ ಮಹಡಿಯ ಮೂಲೆಯಲ್ಲಿರುವವನ ಕಷ್ಟ ಅವನಿಗೆ ಮಾತ್ರ ಅಲ್ಲ, ರೌಟರ್ ಪಕ್ಕದಲ್ಲೇ ಕೂತವನಿಗೂ ತಟ್ಟುತ್ತದೆ.

ರೌಟರ್ ಸಾಮಾನ್ಯವಾಗಿ ಎಲ್ಲಿರುತ್ತದೆ? ಓನರ್ ಕೂರುವ ನೆಲಮಹಡಿಯ ಟೇಬಲ್ಲಿನ ಮೇಲೆ, ಗಣಪತಿ ಫೋಟೋದ ಪಕ್ಕದಲ್ಲಿ! ಗಣಪತಿಗೆ ಫುಲ್ ಸಿಗ್ನಲ್. ಭಕ್ತರಿಗೆ ಒಂದು ಕಡ್ಡಿ.

ವೈಫೈಗೆ ಎರಡು ಮುಖ್ಯ ದಾರಿ. 2.4 ಗಿಗಾಹರ್ಟ್ಸ್‌ದು ಹಳೇ ರಸ್ತೆ: ಗೋಡೆ ತೂರಿ ದೂರ ಹೋಗುತ್ತದೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ ಮೂರು: 1, 6 ಮತ್ತು 11. ನಿಮ್ಮ ಪಿಜಿ, ಪಕ್ಕದ ಪಿಜಿ, ಎದುರಿನ ಪಿಜಿ, ಹಿಂದಿನ ಮನೆ ಎಲ್ಲಾ ಸೇರಿ ಅದೇ ಮೂರು ಓಣಿಗಳಲ್ಲಿ ನುಗ್ಗಾಡುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಅದೇ ಅಲೆಯಲ್ಲಿ ಗುಂಯ್ ಅನ್ನುತ್ತದೆ! 5 ಗಿಗಾಹರ್ಟ್ಸ್‌ದು ಹೊಸ ಹೆದ್ದಾರಿ: ವೇಗ ಜಾಸ್ತಿ, ಗದ್ದಲ ಕಡಿಮೆ, ಆದರೆ ಎರಡು ಕಾಂಕ್ರೀಟ್ ಗೋಡೆ ಬಂದರೆ ಸುಸ್ತು. ಮೊಬೈಲಿನ ವೈಫೈ ಪಟ್ಟಿಯಲ್ಲಿ ಒಂದೇ ಹೆಸರಿನ ಕೊನೆಗೆ ‘5ಜಿ’ ಎಂದು ಸೇರಿಸಿ ಇನ್ನೊಂದು ಹೆಸರು ಕಂಡರೆ ಅದೇ ಇದು. ಸಿಮ್ಮಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ರೌಟರ್ ನಿಮ್ಮ ಮಹಡಿಯಲ್ಲೇ ಇದ್ದರೆ ಇದನ್ನೇ ಹಿಡಿಯಿರಿ.

ಕೆಲವು ಓನರುಗಳು ಸಿಗ್ನಲ್ ಹೆಚ್ಚಿಸಲು ಸಾಕೆಟ್ಟಿಗೆ ಸಿಕ್ಕಿಸುವ ರಿಪೀಟರ್ ತಂದಿಡುತ್ತಾರೆ. ಕಡ್ಡಿ ನಾಲ್ಕಾಗುತ್ತದೆ, ವೇಗ ಬರುವುದಿಲ್ಲ. ಕೇಳಿದ್ದನ್ನೇ ಅದು ಮತ್ತೆ ಗಾಳಿಯಲ್ಲಿ ಕೂಗಬೇಕಲ್ಲ, ಒಂದೇ ದಾರಿಯಲ್ಲಿ ಎರಡೆರಡು ಸಲ ಓಡಾಟ! ಅದರ ಬದಲು ಕೆಳಗಿನಿಂದ ಮೇಲಿನ ಮಹಡಿಗೆ ಒಂದು ಕ್ಯಾಟ್-5ಇ ಕೇಬಲ್ ಎಳೆದು, ತುದಿಗೆ ಇನ್ನೊಂದು ಸಣ್ಣ ರೌಟರ್ ಇಟ್ಟರೆ ಕಥೆಯೇ ಬೇರೆ. ಆ ತಂತಿ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1000 ಮೆಗಾಬಿಟ್ ಹೊರುತ್ತದೆ. ನಲವತ್ತು ಜನ ಕೈಯಿಂದ ಸ್ವಲ್ಪ ಸ್ವಲ್ಪ ಹಾಕಿದರೆ ಒಂದೊಂದು ಮಸಾಲೆದೋಸೆ ತ್ಯಾಗ ಮಾಡಿದಂತೆ, ಅಷ್ಟೆ.

ವಿಜಯನಗರದ ಆ ನಾಲ್ವರು

ವಿಜಯನಗರದ ಒಂದು ರೂಮು. ನಾಲ್ಕು ಜನ. ಒಬ್ಬ ಸಿನಿಮಾ ಎಡಿಟರ್ ಹತ್ತಿರ ಅಸಿಸ್ಟೆಂಟು. ಒಬ್ಬ ಬೈಕಿನಲ್ಲಿ ಊಟ ತಲುಪಿಸುವವ. ಒಬ್ಬ ಸಾಫ್ಟ್‌ವೇರ್ ಟ್ರೈನಿ. ನಾಲ್ಕನೆಯವ ಹಾಸನದ ಕಡೆಯಿಂದ ಬಂದು ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಹುಡುಗ. ಮನೆಯವರು ಎರಡು ವರ್ಷದ ಗಡುವು ಕೊಟ್ಟು ಕಳಿಸಿದ್ದಾರೆ. ಹೆಸರು ಬೇಡ ಅಂದರು, ಬರೆಯುವುದಿಲ್ಲ.

ಒಂದು ಐಪಿಎಲ್ ರಾತ್ರಿ. ಹಾಸನದ ಹುಡುಗನಿಗೆ ಆನ್‌ಲೈನ್ ಅಣಕು ಪರೀಕ್ಷೆ, ಒಂದೂವರೆ ಗಂಟೆಯದು, ದುಡ್ಡು ಕಟ್ಟಿ ಸೇರಿದ್ದು. ಬೈಕಿನವನದು ಮ್ಯಾಚು. ಟ್ರೈನಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸುತ್ತಿದೆ, ಅವನಿಗೇ ಗೊತ್ತಿಲ್ಲ. ಎಡಿಟರ್ ಶಿಷ್ಯ ಒಂದು ಹಾಡಿನ ಕಟ್ಟನ್ನು ಗುರುಗಳಿಗೆ ಅಪ್‌ಲೋಡ್ ಮಾಡುತ್ತಿದ್ದಾನೆ, ಬೆಳಿಗ್ಗೆಯೊಳಗೆ ಕಳಿಸದಿದ್ದರೆ ಕೆಲಸ ಹೋಗುತ್ತದೆ. 62ನೇ ಪ್ರಶ್ನೆಗೆ ಪರೀಕ್ಷೆ ಹೆಪ್ಪುಗಟ್ಟಿತು. ಮತ್ತೆ ತೆರೆಯಲಿಲ್ಲ.

ಆಮೇಲೆ ನಡೆದದ್ದು ಯಾವ ಫೈಟ್ ಮಾಸ್ಟರ್ ಕೂಡ ಕಂಪೋಸ್ ಮಾಡಿದ್ದಲ್ಲ! ಬೈಕಿನವನ ಇಯರ್‌ಫೋನು ಎರಡು ತುಂಡು. ಒಂದು ತಿಂಗಳು ಹತ್ತಿರ ಹತ್ತಿರ ಒಬ್ಬರಿಗೊಬ್ಬರು ಮಾತಿಲ್ಲ. “ಲೋ, ನೀನು ಓದಿ ತಾಸೀಲ್ದಾರ್ ಆಗ್ತೀಯ, ಹನ್ನೆರಡು ಗಂಟೆ ಗಾಡಿ ಓಡ್ಸಿ ಬಂದ ನಂಗೆ ಮ್ಯಾಚಾದ್ರೂ ಬೇಡ್ವಾ?” ಅಂದನಂತೆ ಬೈಕಿನವನು. ಅದೂ ನಿಜವೇ ಅಲ್ಲವೆ? ನಮಗಂತೂ ಇಬ್ಬರ ಪರವಾಗಿಯೂ ಮಾತಾಡಬೇಕು ಅನ್ನಿಸಿತು.

ರಾಜಿ ಮಾಡಿಸಿದವನು ಎಡಿಟರ್ ಶಿಷ್ಯ. ಕುಕ್ಕರ್ ಕೂಗಿಸಿ, ಮೊಟ್ಟೆಸಾರು ಮಾಡಿ, ಎಲ್ಲರನ್ನೂ ಕೂರಿಸಿ ಒಂದು ಚೀಟಿ ಬರೆದ. ಅದು ಈಗಲೂ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದೆ. ಪರೀಕ್ಷೆ, ಇಂಟರ್‌ವ್ಯೂ ಇದ್ದ ದಿನ ಬೆಳಿಗ್ಗೆಯೇ ಚೀಟಿಯ ಕೆಳಗೆ ಹೊತ್ತು ಬರೆಯಬೇಕು. ಆ ಹೊತ್ತಿನಲ್ಲಿ ಉಳಿದವರು ವೈಫೈ ಬಿಟ್ಟು ತಮ್ಮ ಸಿಮ್ಮಿಗೆ ಹೋಗಬೇಕು. ಅಪ್‌ಲೋಡು, ಅಪ್‌ಡೇಟು, ಸಿನಿಮಾ ಇಳಿಸಿಕೊಳ್ಳುವುದು ಎಲ್ಲಾ ರಾತ್ರಿ ಒಂದರಿಂದ ಬೆಳಿಗ್ಗೆ ಆರರ ಒಳಗೆ. ಮ್ಯಾಚು ಇದ್ದರೆ ಒಂದೇ ಲ್ಯಾಪ್‌ಟಾಪಿನಲ್ಲಿ, ಎಲ್ಲರೂ ಸೇರಿ. ಇಯರ್‌ಫೋನಿನ ದುಡ್ಡು ಕೊಟ್ಟಾಯಿತೇ ಎಂದು ಕೇಳಿದ್ದಕ್ಕೆ ಹಾಸನದ ಹುಡುಗ ನಕ್ಕು ಮುಖ ಆ ಕಡೆ ತಿರುಗಿಸಿದ.

ಚೀಟಿಯಲ್ಲಿ ಇಲ್ಲದ ಒಂದು ಕೆಲಸವನ್ನೂ ಅವರು ಮಾಡಿಕೊಂಡಿದ್ದಾರೆ, ಅದನ್ನು ನೀವೂ ಇವತ್ತೇ ಮಾಡಬಹುದು. ಕದ್ದು ನೆಟ್ ಕುಡಿಯುವ ಸೈಡ್ ಆ್ಯಕ್ಟರುಗಳನ್ನು ಹಿಡಿದು ಕೂರಿಸುವುದು! ವಾಟ್ಸಾಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಆರು ಗ್ರೂಪುಗಳ ಶುಭೋದಯದ ವಿಡಿಯೋ ನಿಮಗೆ ಯಾಕೆ? ಮೊಬೈಲಿನ ಫೋಟೋಗಳು ವೈಫೈ ಸಿಕ್ಕ ಕೂಡಲೇ ಗೂಗಲ್ಲಿಗೆ ಏರುವುದನ್ನು ಬೇಡವೆನಿಸಿ. ಆ್ಯಪುಗಳ ಅಪ್‌ಡೇಟ್ ಕೈಯಾರೆ ಮಾಡಿ. ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತು ಮಾಡಿದರೆ ದೊಡ್ಡ ಅಪ್‌ಡೇಟುಗಳು ಬಹುಪಾಲು ತಡೆದು ನಿಲ್ಲುತ್ತವೆ. ಓನರ್ ಒಪ್ಪಿದರೆ ರೌಟರಿನೊಳಗೆ ‘ಕ್ಯೂಓಎಸ್’ ಅಥವಾ ‘ಬ್ಯಾಂಡ್‌ವಿಡ್ತ್ ಕಂಟ್ರೋಲ್’ ಎಂಬ ಜಾಗ ಹುಡುಕಿ. ಎಷ್ಟೋ ರೌಟರುಗಳಲ್ಲಿ ಇದೆ. ಒಬ್ಬೊಬ್ಬರಿಗೂ ಇಷ್ಟೇ ಎಂದು ಅಲ್ಲಿ ಮಿತಿ ಹಾಕಬಹುದು. ಒಟ್ಟು ವೇಗವನ್ನು 100ರ ಬದಲು 90 ಎಂದು ಕೊಟ್ಟರೆ ಇನ್ನೂ ಒಳ್ಳೆಯದು: ಕ್ಯೂ ಹೊರಗಿನ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯುವುದಿಲ್ಲ, ಇಂಟರ್‌ವ್ಯೂನ ಮಾತು ತೊದಲುವುದು ಕಡಿಮೆಯಾಗುತ್ತದೆ.

ಆಡಿಷನ್ ಹುಡುಗರಿಗೆ ಎರಡು ಮಾತು

ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ನೋಡುವುದಷ್ಟೇ ಅಲ್ಲ, ತೆರೆಯ ಮೇಲೆ ಬರುವ ಆಸೆಯೂ ಇದೆಯೆಂದು ನಮಗೆ ಗೊತ್ತು. ಮೊದಲಾದರೆ ಫೋಟೋ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಗಾಂಧಿನಗರದ ಮೆಟ್ಟಿಲು ಸವೆಸಬೇಕಿತ್ತು. ಈಗ “ಮೂರು ನಿಮಿಷದ ವಿಡಿಯೋ ಕಳಿಸಿ, ಇವತ್ತೇ ಕೊನೆ” ಎಂದು ಮೆಸೇಜು ಬರುತ್ತದೆ. ಮೆಟ್ಟಿಲು ತಪ್ಪಿತು, ಅಪ್‌ಲೋಡ್ ಗಂಟುಬಿತ್ತು.

ಮೊಬೈಲಿನಲ್ಲಿ 1080ರಲ್ಲಿ ತೆಗೆದ ಮೂರು ನಿಮಿಷ ಸುಮಾರು 380 ಎಂಬಿ ತೂಗುವುದುಂಟು. ಪಿಜಿಯಲ್ಲಿ ಸಂಜೆ ಹೊತ್ತು ಮೇಲೆ ಹೋಗುವ ವೇಗ 1 ಎಂಬಿಪಿಎಸ್ ಸಿಕ್ಕಿತು ಅನ್ನಿ. 50 ನಿಮಿಷ! ನಡುವೆ ಒಮ್ಮೆ ಕಡಿದರೆ ಎಷ್ಟೋ ಕಡೆ ಮೊದಲಿನಿಂದ ಶುರು. ಅದಕ್ಕೇ 720ರಲ್ಲಿ ತೆಗೆಯಿರಿ. ಲ್ಯಾಪ್‌ಟಾಪ್ ಇದ್ದರೆ ‘ಹ್ಯಾಂಡ್‌ಬ್ರೇಕ್’ ಎಂಬ ಬಿಟ್ಟಿ ಸಾಫ್ಟ್‌ವೇರಿನಲ್ಲಿ ಹಿಂಡಿ, ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ. ಆಡಿಷನ್ ನೋಡುವವರು ನೋಡುವುದು ಕಣ್ಣು, ಮಾತು, ನಿಂತ ಭಂಗಿ. ಹಿಂದಿನ ಗೋಡೆಯ ಬಿರುಕು ಎಷ್ಟು ಸ್ಪಷ್ಟವಾಗಿದೆ ಅಂತ ಅಲ್ಲ. ಕೊನೆಯ ಗಂಟೆಯವರೆಗೆ ಕಾಯದೆ, ಬೆಳಗಿನ ಜಾವ ಪಿಜಿ ಪೂರ್ತಿ ಗೊರಕೆ ಹೊಡೆಯುತ್ತಿರುವಾಗ ಕಳಿಸಿಬಿಡಿ.

ಈ ವಿಲನ್ ನಮ್ಮ ಮಧ್ಯೆಯೇ ಇದ್ದಾನೆ

ಈಗ ಸ್ವಲ್ಪ ಕಹಿ ಮಾತು. ಬೇಜಾರಾಗಬೇಡಿ.

ಪಿಜಿಯ ನೆಟ್ ಕೊಲ್ಲುವುದರಲ್ಲಿ ನಂಬರ್ ಒನ್ ಯಾರೆಂದರೆ, ಶುಕ್ರವಾರ ಬಿಡುಗಡೆಯಾದ ಚಿತ್ರವನ್ನು ಶನಿವಾರ ಟೊರೆಂಟಿನಲ್ಲಿ ಇಳಿಸುವ ಮಹಾಶಯ. ಟೊರೆಂಟು ಬರೀ ಇಳಿಸುವುದಿಲ್ಲ. ಇಳಿಸಿದ ತುಂಡುಗಳನ್ನು ಅದೇ ಹೊತ್ತಿನಲ್ಲಿ ಊರೂರಿನವರಿಗೆ ಹಂಚುತ್ತಲೂ ಇರುತ್ತದೆ. ಹತ್ತಾರು ಕಡೆಗೆ ಒಟ್ಟಿಗೆ ಬಾಗಿಲು ತೆರೆದು ಮೇಲೆ ಹೋಗುವ ದಾರಿಯನ್ನು ತುಂಬಿಬಿಡುತ್ತದೆ. ನೀವು ಕೆಳಗಿಳಿಸುವ ಪ್ರತಿಯೊಂದಕ್ಕೂ “ಬಂತು, ಮುಂದಿನದು ಕಳಿಸು” ಎಂಬ ಸಣ್ಣ ಚೀಟಿ ಮೇಲೆ ಹೋಗಬೇಕು. ಆ ಚೀಟಿ ಹೋಗಲು ದಾರಿಯಿಲ್ಲದಿದ್ದರೆ ಮುಂದಿನ ಡಬ್ಬ ಬರುವುದಿಲ್ಲ. ಒಬ್ಬನ ಕಳ್ಳ ಸಿನಿಮಾ, ಮೂವತ್ತೊಂಬತ್ತು ಜನಕ್ಕೆ ಚಕ್ರ!

ಗೋಡೆಗೆ ಪೋಸ್ಟರ್ ಅಂಟಿಸಿ, ಕಟೌಟಿಗೆ ಹಾಲು ಹೊಯ್ದು, ಅದೇ ಹೀರೋನ ಸಿನಿಮಾವನ್ನು ಕದ್ದು ಇಳಿಸುವ ಅಭಿಮಾನವನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯದು. ಹಂಚಿದವನು ಹಂಚಿಕೆದಾರನೇ, ಟೊರೆಂಟಿನಲ್ಲಿ ಆದರೂ! 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ, ಚಿತ್ರವನ್ನು ಕದ್ದು ರೆಕಾರ್ಡ್ ಮಾಡಿದರೆ, ಅಂಥ ಪ್ರತಿಯನ್ನು ಹಣ ಮಾಡಲು ಪ್ರದರ್ಶಿಸಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಸೆರೆವಾಸ. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ ಏರಬಹುದು. ಹಂಚುವವರನ್ನು ಹಿಡಿಯಲು ಕಾಪಿರೈಟ್ ಕಾಯ್ದೆ ಹೇಗೂ ಇದೆ. ಕನೆಕ್ಷನ್ ಇರುವುದು ಓನರ್ ಅಣ್ಣನ ಹೆಸರಿನಲ್ಲಿ. ಮೊದಲು ಬಾಗಿಲು ತಟ್ಟುವುದು ಅವರದ್ದು, ಆಮೇಲೆ ಅವರು ತಟ್ಟುವುದು ನಿಮ್ಮದು.

ಸೋರಿಕೆ ಎಷ್ಟು ಕಾಡುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ‘ಕೆಜಿಎಫ್ ಚಾಪ್ಟರ್ 2’ ಟೀಸರ್ ಯಶ್ ಹುಟ್ಟುಹಬ್ಬವಾದ 2021ರ ಜನವರಿ 8ರಂದು ಬರಬೇಕಿತ್ತು. ಸೋರಿದ್ದರಿಂದ ಹಿಂದಿನ ರಾತ್ರಿಯೇ ತರಾತುರಿಯಲ್ಲಿ ಬಿಡಬೇಕಾಯಿತು. ನೆಟ್‌ನಲ್ಲೇ ಸಕ್ರಮವಾಗಿ ನೋಡುವ ದಾರಿಗಳೂ ಈಗ ಇವೆ. 2020ರ ಜುಲೈನಲ್ಲಿ, ಚಿತ್ರಮಂದಿರಗಳಿಗೆ ಬೀಗ ಬಿದ್ದಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳನ್ನು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲೇ ಬಿಡುಗಡೆ ಮಾಡಿತ್ತು. ಇಂಥ ಆ್ಯಪುಗಳಲ್ಲಿ ಡೌನ್‌ಲೋಡ್ ಗುಂಡಿ ಇರುತ್ತದೆ. ರಾತ್ರಿ ಮಲಗುವ ಮುನ್ನ ಒತ್ತಿ ಚಾರ್ಜಿಗೆ ಹಾಕಿ. ಮರುದಿನ ಮೆಟ್ರೋದಲ್ಲೋ ಬಿಎಂಟಿಸಿಯಲ್ಲೋ ಚಕ್ರವಿಲ್ಲದ ಚಿತ್ರ!

ಡೇಟಾ ಮುಗಿದ ಮೇಲೆ

ವೈಫೈ ಸತ್ತರೆ ಸಿಮ್ಮು ಇದೆಯಲ್ಲ ಅನ್ನುತ್ತೀರಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಲೆಕ್ಕವೇ ಬದಲಾಯಿತು, ತಿಂಗಳಿಗೆ ಒಂದು ಜಿಬಿ ಎಂದು ಜೋಪಾನ ಮಾಡುತ್ತಿದ್ದವರು ದಿನಕ್ಕೆ ಒಂದೂವರೆ, ಎರಡು ಎನ್ನತೊಡಗಿದರು. ಆದರೆ ಅದು ಮುಗಿದ ಮೇಲೆ ಹಲವು ಪ್ಲಾನುಗಳಲ್ಲಿ ಉಳಿಯುವುದು 64 ಕೆಬಿಪಿಎಸ್. ಆ ವೇಗದಲ್ಲಿ ಎರಡೂವರೆ ಗಂಟೆಯ ಚಿತ್ರವನ್ನು 480ರಲ್ಲಿ ಇಳಿಸಲು 43 ಗಂಟೆ ಬೇಕು! ವಾಟ್ಸಾಪಿನ ಅಕ್ಷರ ಹೋಗುತ್ತದೆ, ತಾಳ್ಮೆಯಿದ್ದರೆ ಹಣ ಕಳಿಸುವುದೂ ಆಗುತ್ತದೆ. ಹಾಗಾಗಿ ದಿನದ ಕೋಟಾದಲ್ಲಿ ಒಂದು ಮುಷ್ಟಿಯನ್ನು ಕೆಲಸದ ಹೊತ್ತಿಗೆ ಎತ್ತಿಡಿ. ಫಸ್ಟ್ ಡೇ ಫಸ್ಟ್ ಶೋ ಟಿಕೆಟ್ ಬುಕ್ ಮಾಡುವಾಗಂತೂ ಪಿಜಿ ವೈಫೈ ನಂಬಬೇಡಿ. ಅದಕ್ಕೆ ಬೇಕಾಗುವ ಡೇಟಾ ಅತ್ಯಲ್ಪ, ಬೇಕಿರುವುದು ತಡೆಯಿಲ್ಲದ ದಾರಿ. ಸಿಮ್ಮಿನಲ್ಲೇ ಮಾಡಿ.

ಲ್ಯಾಪ್‌ಟಾಪಿಗೆ ಮೊಬೈಲಿನಿಂದ ನೆಟ್ ಕೊಡುವಾಗ ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ವೈರು ಸಿಕ್ಕಿಸಿ ‘ಟೆದರಿಂಗ್’ ಒತ್ತಿ. ಆ ತುಂಬಿ ತುಳುಕುವ ಗಾಳಿಯ ಗೊಡವೆ ತಪ್ಪುತ್ತದೆ, ಮೊಬೈಲಿಗೆ ಚಾರ್ಜೂ ಏರುತ್ತದೆ.

ರೈಲ್ವೆ ನಿಲ್ದಾಣದ ವೈಫೈಯನ್ನು ಮರೆಯಬೇಡಿ. ಮೊದಲ ಅರ್ಧ ಗಂಟೆ ಬಿಟ್ಟಿ, ಆಮೇಲೆ ಸಣ್ಣ ಶುಲ್ಕ. ಕೇರಳದ ಎರ್ನಾಕುಲಂ ನಿಲ್ದಾಣದ ಕೂಲಿಯೊಬ್ಬರು ತಲೆಯ ಮೇಲೆ ಲಗೇಜು, ಕಿವಿಯಲ್ಲಿ ಪಾಠ ಇಟ್ಟುಕೊಂಡು, ನಿಲ್ದಾಣದ ವೈಫೈನಲ್ಲೇ ಓದಿ 2018ರಲ್ಲಿ ಅಲ್ಲಿನ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸು ಮಾಡಿದರು. ಯಾವ ಸಿನಿಮಾದ ಹೀರೋಗೆ ಕಡಿಮೆ ಹೇಳಿ? ಹಾಸನದ ಹುಡುಗನಿಗೆ ಈ ಸುದ್ದಿ ಹೇಳಿದೆವು. “ಗೊತ್ತು ಸಾರ್. ಅವರ ಫೋಟೋ ನನ್ನ ಪುಸ್ತಕದಲ್ಲಿದೆ” ಅಂದ.

ಒಂದು ಪರದೆ, ಆರು ಜೋಡಿ ಕಣ್ಣು

1980ರ ದಶಕದಲ್ಲಿ ಶನಿವಾರ ಬಂತೆಂದರೆ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದು, ತಲೆಗಿಷ್ಟು ಹಾಕಿ, ಬೀದಿಯವರೆಲ್ಲ ಚಾಪೆ ಹಾಸಿ ಬೆಳಗಿನವರೆಗೆ ಮೂರು ಮೂರು ಸಿನಿಮಾ ನೋಡುತ್ತಿದ್ದರು. ಆರು ಜನ ಆರು ಮೊಬೈಲಿನಲ್ಲಿ 1080ರ ಚಿತ್ರ ನೋಡಿದರೆ 30 ಎಂಬಿಪಿಎಸ್. ಒಂದೇ ಲ್ಯಾಪ್‌ಟಾಪಿನಲ್ಲಿ ನೋಡಿದರೆ 5. ಜತೆಗೆ ಶಿಳ್ಳೆ ಹೊಡೆಯಲು ಪಕ್ಕದಲ್ಲಿ ಜನ! ಮ್ಯಾಚಿಗೂ ಇದೇ ಮಾತು. ನೆಟ್‌ನಲ್ಲಿ ಬರುವ ಆಟ ಸಾಮಾನ್ಯವಾಗಿ ಟಿವಿಗಿಂತ ಹಲವು ಸೆಕೆಂಡು ಹಿಂದೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ, ಇನ್ನೂ ಬಾಲು ಬಾಕಿ ಇರುವಾಗಲೇ ಪಕ್ಕದ ಮನೆಯ ಪಟಾಕಿ ಕೇಳಿಸಿಕೊಂಡ ಪಿಜಿ ಹುಡುಗರ ಸಂಕಟ ಅವರಿಗೇ ಗೊತ್ತು.

ಕೊನೆಗೆ, ಹೊಸ ಪಿಜಿ ಹುಡುಕುತ್ತಿರುವವರಿಗೆ. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದು ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಲೇಬೇಕೆಂದಿತು. ವೈಫೈ ಬಗ್ಗೆ ವಿಚಾರಿಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿ: “ಅಣ್ಣಾ, ಎಷ್ಟು ಎಂಬಿಪಿಎಸ್? ಎಷ್ಟು ಜನ? ನಮ್ಮ ಮಹಡಿಯಲ್ಲಿ ರೌಟರ್ ಇದೆಯಾ? ತಿಂಗಳಿಗೆ ಗೆರೆ ಎಷ್ಟು?” ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಸ್ಪೀಡ್ ನೋಡಿ ಮೆಚ್ಚಬೇಡಿ, ಆಗ ಪಿಜಿ ಖಾಲಿ. ರಾತ್ರಿ ಒಂಬತ್ತೂವರೆಗೆ ಹೋಗಿ. ಆಫೀಸ್ ಟೇಬಲ್ ಹತ್ತಿರ ಅಲ್ಲ, ನಿಮಗೆ ಕೊಡುವ ಕಾಟಿನ ಮೇಲೆ ಕೂತು, ಬಾಗಿಲು ಹಾಕಿಕೊಂಡು, ನಿಮ್ಮ ಮೆಚ್ಚಿನ ಹೀರೋನ ಟ್ರೇಲರ್ ಒತ್ತಿ. ಬೂಟಿನಿಂದ ಮುಖದವರೆಗೆ ತಡೆಯಿಲ್ಲದೆ ಬಂದರೆ ಅಡ್ವಾನ್ಸ್ ಕೊಡಿ.